ಬೆರಳು ಒಪ್ಪಿಕೊಂಡದ್ದು

ಒಂದು ಮಾತು ಹೇಳಬೇಕಿತ್ತು, ಇಪ್ಪತ್ತೈದು ವರ್ಷ ಹೇಳಲಿಲ್ಲ. ಏಳನೇ ತರಗತಿಗೇ ಶಾಲೆ ಬಿಟ್ಟ ನನಗೆ ಮಾತಿಗೇನೂ ಬರವಿಲ್ಲ. ಬೇಕಾದರೆ ಹನಗೋಡಿನ ಟೀ ಅಂಗಡಿಯಲ್ಲಿ ಕೇಳಿ ನೋಡಿ. ಆದರೂ ಇದೊಂದು ಮಾತು ಗಂಟಲು ದಾಟಲಿಲ್ಲ. ಕೊನೆಗೆ ಅದನ್ನು ಮೊದಲು ಬಿಟ್ಟುಕೊಟ್ಟದ್ದು ಬಾಯಲ್ಲ, ಬೆರಳು.

ನನ್ನ ಒಡಹುಟ್ಟಿದ ಜಯಕ್ಕನ ಮಗಳು ಕಾವ್ಯ ಮೈಸೂರಿನ ಕಾಲೇಜಿನಲ್ಲಿ ಓದುತ್ತಾಳೆ. ಮೊನ್ನೆ ಅಕ್ಕನ ಮನೆಗೆ ಹೋದಾಗ ಬೆಂಕಿಪೊಟ್ಟಣದಷ್ಟು ಡಬ್ಬಿಯೊಂದನ್ನು ತಂದು ನನ್ನ ಎರಡು ಬೆರಳಿಗೆ ತಂತಿ ಸುತ್ತಿದಳು. ಮನಸ್ಸು ಕದಲಿದರೆ ಬೆರಳ ತುದಿ ನಮಗೇ ತಿಳಿಯದಷ್ಟು ಬೆವರುತ್ತದಂತೆ, ಬೆವರಿದ ಚರ್ಮದಲ್ಲಿ ಕರೆಂಟು ಸಲೀಸಾಗಿ ಹರಿದು ಮೊಬೈಲಿನಲ್ಲಿ ಗೆರೆ ಮೇಲೇಳುತ್ತದಂತೆ.

“ಶಾಕ್ ಹೊಡುದ್ರೆ ನಿಮ್ಮತ್ತೆಗೆ ನೀನೇ ಉತ್ತರ ಹೇಳ್ಬೇಕು ಕಣವ್ವ,” ಅಂದೆ.

“ಬರೀ ಸೆಲ್ಲು ಮಾವ, ಸುಮ್ನೆ ಕೂತ್ಕೊ.”

ಅಕ್ಕ ಪಕ್ಕದಲ್ಲೇ ಅವರೆಕಾಯಿ ಬಿಡಿಸುತ್ತಿದ್ದಳು. ಕಾವ್ಯ ಒಂದೊಂದೇ ಪದ ಹೇಳುತ್ತಾ ಹೋದಳು. ಮುದ್ದೆ, ಬಸ್ಸು ಅಂದಾಗ ಗೆರೆ ಮಲಗೇ ಇತ್ತು. ಆನೆ ಅಂದಾಗ ತುಸು ಎದ್ದಿತು, ನನ್ನ ಹೆಂಡತಿಯ ಹೆಸರಿಗೆ ಇನ್ನೂ ತುಸು. “ಬ್ಯಾರನ್” ಅಂದಳು, ಗೆರೆ ಜಿಗಿಯಿತು.

“ಓ, ನಮ್ಮವ್ವ ಸೊಪ್ಪು ಸುಟ್ಟಿದ್ದು ಗ್ಯಾಪ್ನ ಬಂತಾ?” ಎಂದು ಹುಡುಗಿ ನಕ್ಕಳು.

“ಬುಡೇ ಅತ್ಲಾಗೆ, ಸೊಪ್ಪು ಬೇಯ್ಸೋರ್ಗೆಲ್ಲ ಅಂಗೇಯ,” ಎಂದಳು ಅಕ್ಕ, ಕಾಯಿಯಿಂದ ಕಣ್ಣೆತ್ತದೆ. ಅಂದಿನಂತೆ ಇಂದೂ ನನ್ನನ್ನು ಬಚ್ಚಿಡುತ್ತಿದ್ದಳು.

ಬ್ಯಾರನ್ ಅಂದರೆ ಹೊಗೆಸೊಪ್ಪನ್ನು ಶಾಖದಲ್ಲಿ ಹದ ಮಾಡುವ ಎತ್ತರದ ಕೋಣೆ. ಎಲೆ ಹಳದಿಗೆ ತಿರುಗುವವರೆಗೂ ಉರಿ ಸಣ್ಣಗೇ ಇರಬೇಕು. ಬಾಗಿಲಿಗೆ ಕೈಯ ಹಿಂಭಾಗವನ್ನು ತಾಗಿಸಿಯೇ ಒಳಗಿನ ಶಾಖ ಹೇಳುತ್ತಿದ್ದವಳು ನಮ್ಮ ಮನೆಯಲ್ಲಿ ಅಕ್ಕ ಒಬ್ಬಳೇ. ನಾನಿನ್ನೂ ಹುಡುಗನಾಗಿದ್ದಾಗ ಒಂದು ಮಧ್ಯಾಹ್ನ ಅವಳು ನನ್ನನ್ನು ಒಲೆಯ ಮುಂದೆ ಕೂರಿಸಿ ಊಟಕ್ಕೆ ಹೋದಳು. ನನಗೋ ಕಬಡ್ಡಿಯ ತವಕ. ಗಳಿಗೆಗೊಂದು ಸೌದೆ ಇಡುವ ರಗಳೆಯೇ ಬೇಡವೆಂದು ಒಲೆಗೆ ಒಂದೇ ಸಲ ತುಂಬಿ ಓಡಿದೆ. ಹಸಿ ಎಲೆಯೆಲ್ಲ ಕಪ್ಪಾಯಿತು. ಅಕ್ಕ ನನ್ನ ಹೆಸರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. “ಇನ್ಮೇಲೆ ಒಲೆ ತಾವು ಸುಳೀಬ್ಯಾಡ,” ಎಂದ ಅಪ್ಪ ಅವಳಿಗೆ. ಮದುವೆಯಾಗಿ ಹೋಗುವವರೆಗೂ ಅವಳು ಅತ್ತ ಸುಳಿಯಲಿಲ್ಲ. ಊರೇ ಮೆಚ್ಚಿದ್ದ ಆ ಕೈಗೆ ನನ್ನಿಂದ ಕೆಲಸವಿಲ್ಲದಾಯಿತು. ಈಗ ಅವಳ ಮಗಳೂ ಸೊಪ್ಪು ಸುಟ್ಟವಳು ಅವಳೇ ಎಂದು ನಂಬಿ ನಗುತ್ತಾಳೆ.

ಯಂತ್ರದ ಬುದ್ಧಿಯೂ ಅಷ್ಟಕ್ಕಷ್ಟೇ. ಭಯಕ್ಕೂ ನಾಚಿಕೆಗೂ ಖುಷಿಗೂ ಅದು ಎಳೆಯುವುದು ಒಂದೇ ಗೆರೆ.

“ಏನೋ ಅಲುಗಾಡ್ತು ಅಂತ ಗೊತ್ತಾಯ್ತದೆ ಮಾವ. ಏನು ಅಂತ ನೀನೇ ಹೇಳ್ಬೇಕು,” ಅಂದಳು ಕಾವ್ಯ.

ಬೆರಳು ತನ್ನ ಪಾಲಿನದನ್ನು ಹೇಳಿ ಮುಗಿಸಿತ್ತು. ಮೈಯೆಲ್ಲ ಇಷ್ಟು ಪ್ರಾಮಾಣಿಕವಾಗಿರುವಾಗ ನಾಲಿಗೆಯೊಂದೇ ಎಷ್ಟು ದಿನ ಕಳ್ಳನಂತೆ ತಿರುಗೀತು? ತಂತಿ ಬಿಚ್ಚುವ ಮೊದಲೇ, ಆ ಹುಡುಗಿಗೂ ಕೇಳುವಂತೆ ಹೇಳಿದೆ:

“ಅಕ್ಕ, ಅವತ್ತು ಒಲೆ ತುಂಬಿ ಓಡೋದೋನು ನಾನು. ಅಪ್ಪ ನಿನ್ನ ಬೈವಾಗ ಬಾಯಿ ಮುಚ್ಕೊಂಡು ನಿಂತಿದ್ದೋನೂ ನಾನೇ. ನಂದು ತಪ್ಪಾಯ್ತು ಕಣಕ್ಕ.”