ಮಸಾರಿ ಅಂದವರು ಯಾರು?

ಯಾರದೂ ಅಲ್ಲದ ದನಿ ಕೇಳಿಸಿತು ಎಂದು ಯಾರಾದರೂ ಹೇಳಿದರೆ ನಾನು ಒಳಗೊಳಗೇ ನಗುತ್ತಿದ್ದವನು. ನೆನಪಿನ ಮೇಲೂ ನನಗೆ ಅಂಥ ನಂಬಿಕೆಯಿಲ್ಲ. ಹೇಳುತ್ತ ಹೇಳುತ್ತ ಎಂಥ ಕತೆಯೂ ತಾನಾಗಿಯೇ ದುಂಡಗಾಗುತ್ತದೆ. ಇದು ಹಾಗಾಗಬಾರದೆಂದು ಕಂಡದ್ದನ್ನಷ್ಟೇ ಬರೆಯುತ್ತೇನೆ.

ಎಪ್ಪತ್ತರ ದಶಕದ ಕೊನೆ. ನಾನಾಗ ಬಾಗಲಕೋಟೆಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತಿದ್ದೆ. ಧಾರವಾಡದಲ್ಲಿ ನನ್ನ ಜೊತೆ ಓದಿದ ವಸಂತ ವಿಮಾನ ನಡೆಸುವುದನ್ನು ಕಲಿತು ಅದನ್ನೇ ಕಸುಬು ಮಾಡಿಕೊಂಡಿದ್ದ. ಹುಬ್ಬಳ್ಳಿಯ ಬಟ್ಟೆ ಅಂಗಡಿಯವರ ಮಗ, ಹೊಲದಲ್ಲಿ ಕಾಲಿಟ್ಟವನಲ್ಲ. ಬಾದಾಮಿ, ಮಹಾಕೂಟಗಳನ್ನು ಮೇಲಿನಿಂದ ನೋಡಬೇಕೆಂಬ ನನ್ನ ಆಸೆಗೆ ಶ್ರಾವಣದ ಒಂದು ಮುಂಜಾನೆ ಬೆಳಗಾವಿಯಿಂದ ನನ್ನನ್ನು ಹತ್ತಿಸಿಕೊಂಡ. ಚಿಕ್ಕ ವಿಮಾನ. ಮುಂದೆ ಅವನು, ಅವನ ಬೆನ್ನಿಗೆ ನಾನು.

ಬಾದಾಮಿಯ ಕೆಂಪು ಬಂಡೆಗಳನ್ನು ಸುತ್ತಿ, ನನ್ನೂರು ಇಳಕಲ್ಲನ್ನೂ ನೋಡಿಬಿಡೋಣ ಎಂದು ಮುಂದೆ ಸಾಗಿದೆವು. ಅಮೀನಗಡ ದಾಟುತ್ತಲೇ ಇಂಜಿನ್ ಕೆಮ್ಮಿ ನಿಂತುಹೋಯಿತು. ವಸಂತ ಮತ್ತೆ ಚಾಲೂ ಮಾಡಲು ನೋಡಿದ, ಆಗಲಿಲ್ಲ. ಆಮೇಲೆ ಗಾಳಿಯ ಸದ್ದೊಂದೇ.

"ಅಂಜಬ್ಯಾಡಲೇ. ಇಂಜಿನ್ ಇಲ್ದಿದ್ರೂ ಇದು ಕಲ್ಲಿನಂಗ ಬೀಳೂದಿಲ್ಲ. ಬೆಲ್ಟ್ ಬಿಗಿ ಮಾಡ್ಕೋ," ಎಂದ, ಚಹಾಕ್ಕೆ ಕರೆಯುವ ಧಾಟಿಯಲ್ಲಿ.

ಕೆಳಗೆ ಹೆದ್ದಾರಿ ನೇರವಾಗಿತ್ತು. ನಾನು ಅದನ್ನೇ ತೋರಿಸಿದೆ.

"ಬಸ್ ಬರಾಕತ್ತೈತಿ ನೋಡು. ನಮ್ಮ ಜೋಡಿ ಅವರನ್ನೂ ಯಾಕ ಎಳೀಬೇಕು?" ಎಂದು ವಿಮಾನದ ಮೂತಿ ತಿರುಗಿಸಿಬಿಟ್ಟ. ಆ ಒಂದು ಮಾತಿಗಾಗಿ ಇಂದಿಗೂ ನನಗೆ ಅವನೆಂದರೆ ಗೌರವ.

ಉಳಿದದ್ದು ಎರಡೇ ಜಾಗ. ಎಡಕ್ಕೆ ಹಿಂಗಾರಿ ಬಿತ್ತನೆಗೆ ಹರಗಿ ಬಿಟ್ಟ ಅಗಲವಾದ ಕಪ್ಪು ಹೊಲ, ಜಮಖಾನ ಹಾಸಿದ ಹಾಗೆ. ಬಲಕ್ಕೆ ಗೇಣುದ್ದದ ಸೇಂಗಾ ಇದ್ದ, ಕಲ್ಲು ಚೆಲ್ಲಿದ, ಇಳಿಜಾರಾದ ಕೆಂಪು ನೆಲ. ಯಾರೇ ಆದರೂ ಕಪ್ಪು ಹೊಲವನ್ನೇ ಆರಿಸುತ್ತಿದ್ದರು. ವಸಂತನೂ ಅತ್ತಲೇ ವಾಲಿದ.

ಆಗ ಕೇಳಿಸಿತು: "ಎರಿ ಬ್ಯಾಡ. ಮಸಾರಿ ಹಿಡಿ."

ಅವಸರವಿಲ್ಲದ ದನಿ. ಮುಂದಿನಿಂದ ಬಂತು, ವಸಂತನದೇ ಎಂದುಕೊಂಡೆ. ಮರುಕ್ಷಣ ವಿಮಾನ ಬಲಕ್ಕೆ ಹೊರಳಿತು. ಗಾಲಿ ನೆಲಕ್ಕೆ ಬಡಿದು, ಎಗರಿ, ಸೇಂಗಾದ ಸಾಲುಗಳ ಮೇಲೆ ಕುಣಿದು, ಬದುವಿನ ಹತ್ತಿರ ನಿಂತಿತು. ನನ್ನ ಹಣೆಗೆ ಪೆಟ್ಟಾಯಿತು, ಅಷ್ಟೇ.

ಆಚೆ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರು ಓಡಿಬಂದರು. "ಇಳ್ಯಾಕ ಅಮೀನಗಡದಾಗ ಬಸ್ ಸ್ಟ್ಯಾಂಡ್ ಐತೆಲ್ರಿ, ನಮ್ಮ ಸೇಂಗಾನ ಬೇಕಾಗಿತ್ತೇನ್ರಿ?" ಎಂದಳು ಹೊಲದೊಡತಿ. ಹಣೆಯ ರಕ್ತ ನೋಡಿ ತಂಬಿಗೆ ನೀರು ಕೊಟ್ಟಳು. "ಆದ್ರೂ ಚಲೋ ಮಾಡಿದ್ರಿ ಯಪ್ಪಾ. ನಿನ್ನಿ ಸಂಜೀಕ ಹುಚ್ಚು ಮಳಿ ಹೊಡದೈತಿ. ಆ ಎರಿ ಹೊಲದಾಗ ಇಳಿದಿದ್ರ ಗಾಲಿ ಹುಗದು ಬೋರಲ ಬೀಳ್ತಿದ್ರಿ."

ವಸಂತ ನನ್ನ ಭುಜ ಹಿಡಿದ. "ನೀ ಹೇಳಿದ್ದಕ್ಕ ಬದುಕಿದ್ವಿ ನೋಡಲೇ. ಬ್ಯಾಡ ಅಂದದ್ದು ತಿಳೀತು, ತಿರುಗಿಸಿದೆ. ಖರೆ ಹೇಳು, ಮಸಾರಿ ಅಂದ್ರೇನು?"

"ನಾ ಎಲ್ಲಿ ಹೇಳಿದೆ? ನೀನ ಅಂದಿ."

"ಹುಚ್ಚ ಇದ್ದೀಯೇನು? ಗೊತ್ತಿಲ್ಲದ ಮಾತು ನಾ ಹ್ಯಾಂಗ ಆಡಲಿ?" ನಕ್ಕ. ನನ್ನ ಮುಖ ನೋಡಿ ನಗು ನಿಲ್ಲಿಸಿದ.

ಗಾಬರಿಯಲ್ಲಿ ನಾನೇ ಆಡಿರಬಹುದು. ಕಪ್ಪು ನೆಲಕ್ಕೆ ಎರಿ, ಕೆಂಪು ನೆಲಕ್ಕೆ ಮಸಾರಿ ಎನ್ನುವುದು ನನಗೆ ಗೊತ್ತಿದ್ದ ಮಾತೇ. ಹಾಗೆಂದು ಎಷ್ಟೋ ಸಲ ನನ್ನನ್ನು ನಾನೇ ಒಪ್ಪಿಸಲು ನೋಡಿದ್ದೇನೆ. ಆದರೆ ಅಲ್ಲಿ ಮಳೆಯಾದದ್ದು ನನಗೆ ಗೊತ್ತಿರಲಿಲ್ಲ. ನನ್ನ ಬಾಯಿಂದ ಹೊರಟದ್ದನ್ನು ನಾನು ಅವನ ದನಿಯಲ್ಲಿ ಕೇಳಿದ್ದಾದರೂ ಹೇಗೆ?

ವಸಂತ ಸಿಕ್ಕಾಗಲೆಲ್ಲ ಜೀವ ಉಳಿಸಿದವನು ನೀನೇ ಎನ್ನುತ್ತಾನೆ. ನಾನು ಆ ಹಿರಿಮೆಯನ್ನು ಅವನಿಗೇ ಮರಳಿಸುತ್ತೇನೆ. ಇಬ್ಬರಲ್ಲಿ ಯಾರೂ ಅದನ್ನು ಇಟ್ಟುಕೊಳ್ಳಲು ಇನ್ನೂ ಒಪ್ಪಿಲ್ಲ.