ಬಾವಾಕನ ಸೊಂಟಪಟ್ಟಿಯಲ್ಲಿ ಒಣಗುವ ಮೊಬೈಲು

ಬೆಳಗಿನ ಐದೂವರೆ. ಬೆಳ್ತಂಗಡಿ ಬಸ್‌ಸ್ಟ್ಯಾಂಡಿನಲ್ಲಿ ಧರ್ಮಸ್ಥಳಕ್ಕೆ ಹೋಗುವ ಮೊದಲ ಬಸ್ಸು ಗುರ್ರೆನ್ನುತ್ತ ನಿಂತಿದೆ. ಕಂಡಕ್ಟರು ಇನ್ನೂ ಚಾ ಕುಡಿಯುತ್ತಿದ್ದಾರೆ. ರಾತ್ರಿಯಿಡೀ ಸುರಿದದ್ದು ಸಾಲದೆಂಬಂತೆ ಮಳೆ ಈಗಲೂ ಬಿಡದೆ ಹೊಯ್ಯುತ್ತಿದೆ. ಅಂಗಡಿ ಸಾಲಿನ ತುದಿಯಲ್ಲಿ ಒಂದು ಶಟರು ಮಾತ್ರ ಅರ್ಧಕ್ಕೆ ಎದ್ದಿದೆ. ಬಗ್ಗಿ ಒಳಹೊಕ್ಕರೆ ಆರಡಿ ಉದ್ದ, ನಾಲ್ಕಡಿ ಅಗಲದ ಜಾಗ. ಒಂದು ಮೇಜು, ಒಂದು ಸ್ಟೂಲು, ಸ್ಟೂಲಿನ ಮೇಲೆ ಬಾವಾ.

ನಲ್ವತ್ತಾರರ ಬಾವಾ ಎಡಗಣ್ಣಿಗೆ ವಾಚು ರಿಪೇರಿಯವರ ಭೂತಗನ್ನಡಿ ಸಿಕ್ಕಿಸಿಕೊಂಡು, ಹಳೆಯ ಟೂತ್‌ಬ್ರಷ್ಷಿನಿಂದ ಮೊಬೈಲೊಂದರ ಒಳಗಿನ ಹಸಿರು ಬೋರ್ಡನ್ನು ಉಜ್ಜುತ್ತಿದ್ದಾರೆ. ತಿನ್ನರಿನ ವಾಸನೆ ನನ್ನ ತಲೆಗೇರುತ್ತಿದೆ. ಅವರ ತಲೆಗೆ ಅದು ಏರಿ ಇಳಿಯುವುದನ್ನೇ ಬಿಟ್ಟಿದೆಯಂತೆ. ಮೇಜಿನ ಇನ್ನೊಂದು ತುದಿಯಲ್ಲಿ ಗಲ್ಫಿನಿಂದ ಯಾರೋ ತಂದ ಬಿಸ್ಕತ್ತಿನ ತಗಡಿನ ಡಬ್ಬಿ. ಅದರೊಳಗೆ ನಲ್ವತ್ತು ವ್ಯಾಟಿನ ಬಲ್ಬೊಂದು ಉರಿಯುತ್ತಿದ್ದು, ಸುತ್ತ ಐದು ಬೋರ್ಡುಗಳು ಒಣಗುತ್ತಿವೆ.

"ಏಳು ಗಂಟೆವರೆಗೆ ಕರೆಂಟು ಗಟ್ಟಿ ಉಂಟು. ಮತ್ತೆ ಅದು ಬಂದ್ರೂ ಒಂದೇ, ಬಾರದಿದ್ರೂ ಒಂದೇ" ಎನ್ನುತ್ತಾರೆ, ತಲೆಯೆತ್ತದೆ. ಕುತ್ತಿಗೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸುತ್ತಾರೆ. ಎರಡೂ ಬಾರಿ ಲಟಕ್ಕೆನ್ನುತ್ತದೆ.

ಒದ್ದೆಯಾದ ಮೊಬೈಲು ಬದುಕಿಸುವುದು ಬಾವಾ ಅವರ ಕೆಲಸ. ಅಂಗಡಿಗೆ ಹೆಸರಿನ ಬೋರ್ಡಿಲ್ಲ. ಬಂಟ್ವಾಳದಿಂದ ಮುಂಡಾಜೆಯ ತನಕ ಯಾರ ಮೊಬೈಲು ಸೆಟ್ಟು ನೀರಿಗೆ ಬಿದ್ದರೂ ನಾಲ್ಕು ಜನ ಹೇಳುವುದು ಒಂದೇ ಮಾತು: ಬಾವಾಕನಲ್ಲಿಗೆ ಕೊಂಡುಹೋಗಿ. ಬಾವಾ ಅಣ್ಣ ಎಂಬುದು ಇಲ್ಲಿಯವರ ಬಾಯಲ್ಲಿ ಬಾವಾಕ. ನಾನೂ ಕಳೆದ ಮಳೆಗಾಲ ಹಾಗೆ ಬಂದವನೇ. ಅಂಗಿಯ ಜೇಬಿನಲ್ಲಿ ನೆಂದ ಮೊಬೈಲನ್ನು ಮುಂದಿಟ್ಟಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಒತ್ತಿ ನೋಡಿದ್ರಾ?" ನೋಡಿದ್ದೆ. ಒಮ್ಮೆಯಲ್ಲ, ಆರೇಳು ಸಲ. ಅವರು ಬಿಟ್ಟ ನಿಟ್ಟುಸಿರು ಇವತ್ತಿಗೂ ನನ್ನ ಕಿವಿಯಲ್ಲಿದೆ.

"ನೀರಲ್ಲಿ ಬಿದ್ದ ಸೆಟ್ಟು ಸಾಯುವುದಿಲ್ಲ ಮಾರಾಯ್ರೆ. ಆನ್ ಆಗ್ತದಾ ಅಂತ ನೋಡ್ಲಿಕ್ಕೆ ಹೋಗ್ತೀರಲ್ಲ, ಆಗ ಸಾಯ್ತದೆ. ಬ್ಯಾಟರಿ ತೆಗೆದು ತನ್ನಿ, ಮೂರು ದಿನ ಸುಮ್ಮನಿರಿ ಅಂತ ಎಷ್ಟು ಜನಕ್ಕೆ ಹೇಳಿದೆ ನಾನು! ಹೇಳಿ ಹೇಳಿ ಬಾಯಿ ಬಿದ್ದುಹೋಯ್ತು."

ಈ ಪಾಠ ಅವರಿಗೆ ಸಿಕ್ಕಿದ್ದು ಮೂಡುಬಿದಿರೆಯಲ್ಲಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಅಲ್ಲಿ ಇಲ್ಲಿ ದುಡಿದು, 1990ರಲ್ಲಿ ಅವರು ಸೇರಿಕೊಂಡದ್ದು ರವಿರಾಜ ಎಂಬವರ ವಾಚಿನ ಅಂಗಡಿಗೆ. ಸೂರ್ಯ ಮುಳುಗುವ ಮೊದಲು ಊಟ ಮುಗಿಸುವ ಜೈನರ ಮನೆ ಅದು. ಹಾಗಾಗಿ ಸಂಜೆ ಬೇಗ ಬಾಗಿಲು ಹಾಕಿ, ಬೆಳಗ್ಗೆ ಹಕ್ಕಿಗಳಿಗಿಂತ ಮೊದಲು ತೆರೆಯುವ ಪದ್ಧತಿ. ಬಾವಾ ಅವರಿಗೆ ಬೆಳಗಿನ ಕೆಲಸ ಅಂಟಿಕೊಂಡದ್ದು ಅಲ್ಲಿಂದ. ಒದ್ದೆಯಾದ ವಾಚಿಗೆ ಕೀ ಕೊಡಬೇಡ ಎಂಬುದು ರವಿರಾಜರು ಕಲಿಸಿದ ಮೊದಲ ಪಾಠ. ಹನ್ನೊಂದು ವರ್ಷ ಅಲ್ಲಿ ಕೆಲಸ ಮಾಡಿದರು. ಅಷ್ಟರಲ್ಲಿ ಅಗ್ಗದ ವಾಚುಗಳು ಬಂದವು, ಕೆಟ್ಟರೆ ಎಸೆದು ಹೊಸದು ಕೊಳ್ಳುವುದು ಶುರುವಾಯಿತು. ಅಂಗಡಿ ಮುಚ್ಚಿದ ದಿನ ರವಿರಾಜರು ಭೂತಗನ್ನಡಿಯನ್ನು ಬಾವಾ ಅವರ ಕೈಗಿಟ್ಟು, ಇದು ಎಲ್ಲಿಯಾದರೂ ಬೇಕಾದೀತು ಎಂದರಂತೆ.

ಬೇಕಾಯಿತು. ಬಂಟ್ವಾಳದಲ್ಲಿ ಎರಡು ವರ್ಷ ಯಾರದೋ ಅಂಗಡಿಯ ಜಗಲಿಯಲ್ಲಿ ಮೇಜು ಹಾಕಿ, ಕೆಲಸವಿಲ್ಲದೆ ನೊಣ ಹೊಡೆದು, 2003ರಲ್ಲಿ ಬೆಳ್ತಂಗಡಿಗೆ ಬಂದರು. ಆ ಜೂನ್‌ನಲ್ಲಿ ಯಾತ್ರಿಕರೊಬ್ಬರು ನೀರು ತೊಟ್ಟಿಕ್ಕುವ ಮೊಬೈಲು ಹಿಡಿದು ವಾಚಿನ ಮೇಜಿನ ಮುಂದೆ ನಿಂತರು. ಬಾವಾ ಅದುವರೆಗೆ ಮೊಬೈಲಿನ ಒಳಗನ್ನು ಕಂಡವರಲ್ಲ. ವಾಚಿನ ಹಾಗೆ ಬಿಚ್ಚಿದರು, ವಾಚಿನ ಹಾಗೆ ತೊಳೆದರು, ವಾಚಿನ ಹಾಗೆ ಕಾದರು. ಮೂರನೆಯ ದಿನ ಅದು ಎದ್ದಿತು. ಈಗ ಇದು ಐದನೆಯ ಮಳೆಗಾಲ.

ಬೇಸಿಗೆಯಲ್ಲಿ ದಿನಕ್ಕೆ ಎರಡೋ ಮೂರೋ. ಜುಲೈಯಲ್ಲಿ ಹನ್ನೆರಡರಿಂದ ಹದಿನೈದು. ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಕಿನ ಚೌಕದೊಳಗೆ ಪೆನ್ನಿನಿಂದ ಸೊನ್ನೆ, ಇಂಟು ಗುರುತುಗಳಿವೆ. ಸೊನ್ನೆ ಬದುಕಿದ್ದಕ್ಕೆ, ಇಂಟು ಸತ್ತದ್ದಕ್ಕೆ. "ಹತ್ತರಲ್ಲಿ ಆರು ಏಳ್ತದೆ. ನಾಲ್ಕು ಹೋಗ್ತದೆ. ಹೋದದ್ದರ ಮುಖವೇ ನೆನಪಿಗೆ ಬರುವುದು, ಎಂತ ಮಾಡುವುದು?" ಎನ್ನುತ್ತಾರೆ.

ಸೆಟ್ಟು ನೀರಿಗೆ ಬೀಳುವ ದಾರಿಗಳ ಬಗ್ಗೆ ಮಾತು ತೆಗೆದರೆ ಆ ದಣಿದ ಮುಖದಲ್ಲೂ ಸ್ವಲ್ಪ ನಗು ಬರುತ್ತದೆ. ಧರ್ಮಸ್ಥಳಕ್ಕೆ ಬಂದವರು ದಡದಲ್ಲಿಟ್ಟರೆ ಯಾರಾದರೂ ಕದ್ದಾರೆಂದು ಹೆದರಿ, ಮೊಬೈಲನ್ನು ಸೊಂಟಕ್ಕೆ ಭದ್ರವಾಗಿ ಸಿಕ್ಕಿಸಿಕೊಂಡು ನೇತ್ರಾವತಿಯಲ್ಲಿ ಮೂರು ಮುಳುಗು ಹಾಕುತ್ತಾರೆ. ಕೆಲವರು ಬಕೆಟ್ಟಿಗೆ ಬಿತ್ತು ಎನ್ನುತ್ತಾರೆ. ಯಾವ ಬಕೆಟ್ಟು ಎಂದು ಬಾವಾ ಕೇಳುವುದಿಲ್ಲ, ಕೈಯನ್ನು ಎರಡು ಸಲ ಸೋಪು ಹಾಕಿ ತೊಳೆಯುತ್ತಾರೆ. ಎಲ್ಲಕ್ಕಿಂತ ಕಷ್ಟದ್ದು ಬೀಡಿ ಕಟ್ಟುವ ಮನೆಗಳ ಸೆಟ್ಟು. ಎಲೆ ನೆನೆಸಿದ ನೀರಿಗೆ ಜಾರಿ ಬೀಳುವುದು ಒಂದು. ಅದನ್ನು ಮಳೆಗಾಲದಲ್ಲಿ ಬೀಡಿ ಒಣಗಿಸುವ ಹಾಗೆ ಕೆಂಡದ ಮೇಲಿನ ಜಾಲರಿಯಲ್ಲಿ ಇಡುವುದು ಇನ್ನೊಂದು. ಬೀಡಿ ಗರಿಗರಿಯಾಗುತ್ತದೆ, ಮೊಬೈಲು ಕರಗುತ್ತದೆ. ಬಾವಾ ಅವರ ಹೆಂಡತಿ ನಸೀಬಾ ಕೂಡ ಬೀಡಿ ಕಟ್ಟುವವರು. "ನಮ್ಮ ಮನೆಯಲ್ಲೇ ಎರಡು ಸಲ ಆಗಿದೆ, ಪೇಪರಿಗೆ ಬರೀಬೇಡಿ" ಎಂದು ಬಾವಾ ಹೇಳಿದ್ದಾರೆ. ಬರೆದಿದ್ದೇನೆ, ಕ್ಷಮಿಸಬೇಕು.

ಈ ಬುಧವಾರ ನಾನು ಹೋದಾಗ ಬಂದದ್ದೂ ಅಂಥದ್ದೇ ಒಂದು ಸೆಟ್ಟು. ಏಳಕ್ಕೆ ಹತ್ತು ನಿಮಿಷವಿದ್ದಾಗ ಕೊಡೆ ಮಡಚುತ್ತ ಒಳಗೆ ಬಂದವರು ಪ್ರಫುಲ್ಲಾ, ಮುಂಡಾಜೆಯ ಒಳಗಿನ ಹಳ್ಳಿಯೊಂದರ ಅಂಗನವಾಡಿ ಕಾರ್ಯಕರ್ತೆ. ಸೋಮವಾರ ಸಂಜೆ ಕಾಲುಸಂಕದ ಕಿರುಸೇತುವೆ ದಾಟುವಾಗ ಕಾಲು ಜಾರಿ, ಅವರು ಉಳಿದು ಮೊಬೈಲು ತೋಡಿನ ನೀರಿಗೆ ಬಿದ್ದಿದೆ. ಹುಡುಕಿ ತೆಗೆದು ಮನೆಗೆ ತಂದರೆ ತಾಯಿ ರಾತ್ರಿಯಿಡೀ ಬೀಡಿಯ ಕೆಂಡದ ಮೇಲಿಟ್ಟಿದ್ದಾರೆ. ಮಂಗಳವಾರ ಒತ್ತಿಯೂ ನೋಡಿಯಾಗಿದೆ.

"ಒಮ್ಮೆ ಲೈಟು ಬಂತು ಬಾವಾಕ. ಮತ್ತೆ ಹೋಯ್ತು."

"ಆ ಲೈಟು ಬಂದದ್ದೇ ಹಾಳು, ಟೀಚರ್" ಎಂದು ಬಾವಾ ಹಿಂಬದಿಯ ಮುಚ್ಚಳ ತೆಗೆಯುತ್ತಾರೆ. ಒಂದು ಮೂಲೆ ಸೊಟ್ಟಗಾಗಿದೆ. ಒಳಗೆ ಕೆಸರು, ಕೆಸರಿನ ಮೇಲೆ ಹೊಗೆಸೊಪ್ಪಿನ ಹುಡಿ. "ಇಟ್ಟು ಹೋಗಿ. ಶನಿವಾರ ನೋಡುವ."

"ಶನಿವಾರ ಆಗುವುದಿಲ್ಲ" ಎಂದ ಪ್ರಫುಲ್ಲಾ ಇನ್ನೊಂದು ಸ್ಟೂಲಿಲ್ಲದ ಆ ಅಂಗಡಿಯಲ್ಲಿ ಗೋಡೆಗೊರಗಿ ನಿಂತೇ ಬಿಡುತ್ತಾರೆ.

ಅವರ ಹಳ್ಳಿಯ ಗುಡ್ಡದ ಮೇಲೆ ಮಾಜಿದಾ ಎಂಬಾಕೆಯ ಮನೆ. ಮಾಜಿದಾಗೆ ದಿನ ತುಂಬಿದೆ, ಮೂರನೆಯ ಹೆರಿಗೆ, ಕಳೆದ ಸಲವೇ ರಕ್ತ ನಿಲ್ಲದೆ ಜೀವ ಹೋಗಿ ಬಂದಿತ್ತು. ಈ ಸಲ ಆಸ್ಪತ್ರೆಯಲ್ಲೇ ಆಗಬೇಕೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದಾರೆ. ಮಳೆಗೆ ಆ ಕೆಸರಿನ ಏರು ಹತ್ತುವುದು ಧರ್ಣಪ್ಪ ಎಂಬವರ ಜೀಪು ಒಂದೇ. ಆತ ಬಾಡಿಗೆ ಸಿಕ್ಕಿದ ಕಡೆ ಹೋಗುವವರು. ಇವತ್ತು ಉಜಿರೆಯಾದರೆ ನಾಳೆ ಚಾರ್ಮಾಡಿ, ಫೋನು ಮಾಡದೆ ಹಿಡಿಯಲು ಸಾಧ್ಯವಿಲ್ಲ. ಊರಿನ ಲ್ಯಾಂಡ್‌ಲೈನು ಸತ್ತು ಹನ್ನೆರಡು ದಿನವಾಯಿತು. ಧರ್ಣಪ್ಪನ ನಂಬರಿರುವುದು ಈ ಸೆಟ್ಟಿನಲ್ಲಿ.

"ಸಿಮ್ಮು ಅಣ್ಣನ ಸೆಟ್ಟಿಗೆ ಹಾಕಿ ನೋಡಿದೆ. ಅದರಲ್ಲಿ ಮನೆಯವರ ನಂಬರು ಮಾತ್ರ ಉಂಟು. ಉಳಿದದ್ದೆಲ್ಲ ಸೆಟ್ಟಿನೊಳಗೆ. ಅಣ್ಣನ ಹತ್ತಿರವೂ ಈಗ ಜೀಪಿನ ನಂಬರಿಲ್ಲ. ಮಾಜಿದಾ ಮನೆಯವರು ಅವರ ಮೊಬೈಲಿಂದ ನನಗೆ ಫೋನು ಮಾಡ್ತಾರೆ, ಬಾವಾಕ. ಸಿಮ್ಮು ಉಂಟಲ್ಲ, ಅವರದ್ದು ಬರ್ತದೆ. ನಾನು ಯಾರಿಗೆ ಮಾಡ್ಲಿ?"

ಬಾವಾ ಭೂತಗನ್ನಡಿ ತೆಗೆದು ಮೇಜಿನ ಮೇಲಿಡುತ್ತಾರೆ. ಕಣ್ಣಿನ ಸುತ್ತ ಅದರ ಗುರುತು ಕೆಂಪಗೆ ಕೂತಿದೆ. "ಸರಿಯಾಗಿ ಕೇಳಿ, ಟೀಚರ್. ಮೂರು ದಿನ ಕೊಟ್ರೆ ಸೆಟ್ಟು ಏಳಬಹುದು. ಇವತ್ತೇ ಬೇಕಾದ್ರೆ ಒಂದು ಹತ್ತು ನಿಮಿಷ ಎಬ್ಬಿಸಿ ನೋಡ್ತೇನೆ. ಮತ್ತೆ ಅದು ಯಾವತ್ತೂ ಏಳುವುದಿಲ್ಲ. ಯಾವುದು ಮಾಡುವ?"

ಆ ಮೊಬೈಲು ತಾಯಿ ಒಂದಿಡೀ ವರ್ಷ ಬೀಡಿ ಕಟ್ಟಿ ಉಳಿಸಿ ಕೊಡಿಸಿದ್ದು. ಅದನ್ನು ಪ್ರಫುಲ್ಲಾ ನನಗೆ ಹೇಳಿದ್ದು ಆಮೇಲೆ. ಆಗ ಹೇಳಿದ್ದು ಎರಡೇ ಶಬ್ದ: "ನಂಬರು ತೆಗೀರಿ."

ಬೋರ್ಡು ತೊಳೆದು ಡಬ್ಬಿಗಿಟ್ಟು ಇಪ್ಪತ್ತು ನಿಮಿಷವಾಗಿಲ್ಲ, ಕರೆಂಟು ಹೋಗುತ್ತದೆ. ಬಾವಾ ಬೈಯುವುದೂ ಇಲ್ಲ. ಬೋರ್ಡನ್ನು ತೆಳು ಬಟ್ಟೆಯಲ್ಲಿ ಸುತ್ತಿ, ಅಂಗಿ ಎತ್ತಿ, ಪಂಚೆಯ ಮೇಲೆ ಬಿಗಿದ ಅಗಲವಾದ ಹಸಿರು ಸೊಂಟಪಟ್ಟಿಯ ಕಿಸೆಯೊಳಗೆ, ಹೊಟ್ಟೆಗೆ ತಾಗುವಂತೆ ಇಟ್ಟುಕೊಳ್ಳುತ್ತಾರೆ. ಇಲ್ಲಿನ ಬ್ಯಾರಿ ಮುಸ್ಲಿಂ ವ್ಯಾಪಾರಿಗಳು ಹಿಂದೆ ದುಡ್ಡಿಡಲು ಕಟ್ಟುತ್ತಿದ್ದ ಪಟ್ಟಿ ಅದು, ಅವರ ತಂದೆಯದ್ದು. ಈಗಿನವರು ಯಾರೂ ಕಟ್ಟುವುದಿಲ್ಲ. "ಬಾಪ ಇದರಲ್ಲಿ ಮೀನು ಮಾರಿದ ದುಡ್ಡು ಇಡ್ತಿದ್ರು. ನಾನು ಸತ್ತ ಸೆಟ್ಟು ಇಡ್ತೇನೆ. ಬಲ್ಬಿನ ಬಿಸಿ ಕೆಲವು ಸಲ ಜಾಸ್ತಿ ಆಗ್ತದೆ. ಹೊಟ್ಟೆಯ ಬಿಸಿ ಜಾಸ್ತಿಯೂ ಆಗುವುದಿಲ್ಲ, ಕರೆಂಟು ಹೋದ್ರೆ ಹೋಗುವುದೂ ಇಲ್ಲ."

ಐದು ತಾಸು ಹಾಗೇ ಕಳೆಯುತ್ತದೆ. ಗಿರಾಕಿಗಳು ಬರುತ್ತಾರೆ, ಒತ್ತಿ ನೋಡಿದ್ದನ್ನು ಒಪ್ಪಿಕೊಳ್ಳುತ್ತಾರೆ, ಬೈಸಿಕೊಳ್ಳುತ್ತಾರೆ. ಬಾವಾ ಕಿಟಕಿಯ ಬೆಳಕಿನಲ್ಲಿ ಸ್ಕ್ರೂ ಬಿಚ್ಚುತ್ತಾರೆ. ನಡುವೆ ಒಮ್ಮೆ ಕೂತಲ್ಲೇ ತೂಕಡಿಸಿ, ತಲೆ ಮೇಜಿಗೆ ಬಡಿದು ಎಚ್ಚರಾಗುತ್ತಾರೆ. ಅಂಗೈ ಮೊದಲು ಹೋದದ್ದು ಹಣೆಗಲ್ಲ, ಸೊಂಟಪಟ್ಟಿಗೆ. ಪ್ರಫುಲ್ಲಾ ಬಾಗಿಲಲ್ಲಿ ನಿಂತು ಅಣ್ಣನ ಸೆಟ್ಟನ್ನು ಹತ್ತು ಹತ್ತು ನಿಮಿಷಕ್ಕೊಮ್ಮೆ ನೋಡುತ್ತಾರೆ. ಅದು ರಿಂಗಾಗದಿರಲಿ ಎಂದು ನಾನೂ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೇನೆ.

ಹನ್ನೆರಡೂವರೆಗೆ ಬಾವಾ ಬೋರ್ಡು ಹೊರತೆಗೆಯುತ್ತಾರೆ. ಬೇರೊಂದು ಹಳೆ ಸೆಟ್ಟಿನ ಡಿಸ್‌ಪ್ಲೇ, ಇನ್ನೊಂದರ ಬ್ಯಾಟರಿ ಜೋಡಿಸುತ್ತಾರೆ. "ಬಿಸ್ಮಿಲ್ಲಾ" ಎಂದು ಒತ್ತುತ್ತಾರೆ. ಏನೂ ಇಲ್ಲ. ಮತ್ತೆ ಒತ್ತುತ್ತಾರೆ. ಪರದೆ ನೀಲಿಯಾಗಿ ಬೆಳಗುತ್ತದೆ.

"ಬರೀರಿ, ಬರೀರಿ" ಎಂದು ಮದುವೆ ಕಾಗದವೊಂದನ್ನು ಮಗುಚಿ ನನ್ನ ಕೈಗೆ ಹಾಕುತ್ತಾರೆ. ಜೀಪು ಎಂದು ಹುಡುಕಿದರೆ ಇಲ್ಲ. ಧರ್ಣಪ್ಪ ಎಂದು ಹುಡುಕಿದರೆ ಒಬ್ಬ ಇದ್ದಾನೆ. ಆದರೆ ಆತ ರೇಷನ್ ಅಂಗಡಿಯವನು. ಪರದೆಯ ಕೆಳಗಿನ ಅರ್ಧ ಆಗಲೇ ಕಪ್ಪಾಗುತ್ತಿದೆ. ಪ್ರಫುಲ್ಲಾ ಮೇಜಿನ ಮೇಲೆ ಬಗ್ಗಿ, ಬೇಗ ಬೇಗ ಎನ್ನುತ್ತಾರೆ. ಬಾವಾ ಮಾತ್ರ ನಿಧಾನವಾಗಿ ಕೇಳುತ್ತಾರೆ: "ನಂಬರು ಹಾಕಿಕೊಟ್ಟದ್ದು ಯಾರು, ಟೀಚರ್?"

"ಅಣ್ಣ."

"ನಿಮ್ಮಣ್ಣ ಅವನನ್ನು ಎಂತ ಹೇಳಿ ಕರೀತಾನೆ?"

ನಮ್ಮ ಕಡೆ ಹೆಸರಿಗಿಂತ ಮೊದಲು ಮನೆ ಬರುತ್ತದೆ. ಒಂದೂರಿನಲ್ಲಿ ಮೂವರು ಧರ್ಣಪ್ಪರಿದ್ದರೆ ಮನೆಯ ಹೆಸರಲ್ಲದೆ ಗುರುತಿಸುವುದಾದರೂ ಹೇಗೆ? "ಮಜಲು" ಎಂದು ಪ್ರಫುಲ್ಲಾ ಕೂಗಿಕೊಂಡರು. ಮಜಲು ಧರ್ಣಪ್ಪ. ಇತ್ತು. ಹತ್ತು ಅಂಕಿಗಳನ್ನು ಬಾವಾ ಓದಿದರು, ನಾನು ಬರೆದೆ, ಪ್ರಫುಲ್ಲಾ ಎರಡು ಸಲ ಒಪ್ಪಿಸಿದರು. ಆಮೇಲೆ ಸಿಕ್ಕಿದಷ್ಟು ಸಿಗಲೆಂದು ಇನ್ನೂ ಹದಿನೆಂಟು ನಂಬರು ಬರೆದುಕೊಂಡೆವು. ಹತ್ತೊಂಬತ್ತನೆಯದ್ದರ ನಡುವೆ ಪರದೆ ಕಪ್ಪಾಯಿತು. ಒಟ್ಟು ಹನ್ನೊಂದು ನಿಮಿಷ.

ಪ್ರಫುಲ್ಲಾ ಹೋದ ಮೇಲೆ ಬಾವಾ ಎದ್ದು ಬುಧವಾರದ ಚೌಕದಲ್ಲಿ ಒಂದು ಇಂಟು ಎಳೆದರು. "ಗೊತ್ತಿದ್ದೂ ಕೊಂದದ್ದು ಇದೇ ಮೊದಲು" ಎಂದರು. ಊಟಕ್ಕೆ ನಸೀಬಾ ಕಟ್ಟಿಕೊಟ್ಟ ಬುತ್ತಿ ಬಿಚ್ಚಿ, ನಾಲ್ಕು ತುತ್ತು ತಿಂದು, ಹಾಗೇ ಮುಚ್ಚಿಟ್ಟರು. ನಿಮಗೆ ಏನು ಆಸೆ ಎಂದು ನಾನು ಕೇಳಿದ್ದು ಆಗಲೇ. ಪೇಪರಿನವರು ಎಲ್ಲರನ್ನೂ ಕೇಳುವ ಪ್ರಶ್ನೆ ಅದು.

"ಎಂತ ಆಸೆ! ಈ ಜುಲೈಯಲ್ಲಿ ಒಂದು ದಿನ ಎಂಟು ಗಂಟೆವರೆಗೆ ಮಲಗಬೇಕು. ಬೇರೆ ಎಂತದೂ ಬೇಡ."

ಶನಿವಾರ ಬೆಳಗ್ಗೆ ಮತ್ತೆ ಹೋದೆ. ಮಳೆಯೂ ಅದೇ, ಶಟರೂ ಅಷ್ಟಕ್ಕೇ ಎದ್ದಿದೆ. ನನಗಿಂತ ಮೊದಲು ಪ್ರಫುಲ್ಲಾ ಬಂದು ನಿಂತಿದ್ದಾರೆ, ಕೈಯಲ್ಲಿ ಸಕ್ಕರೆಯ ಪೊಟ್ಟಣ. ಗುರುವಾರ ನಸುಕಿನಲ್ಲಿ ಮಾಜಿದಾ ಮನೆಯಿಂದ ಫೋನು ಬಂದಿದೆ. ಧರ್ಣಪ್ಪ ಎರಡನೆಯ ರಿಂಗಿಗೇ ಎತ್ತಿದ್ದಾರೆ, ಚಾರ್ಮಾಡಿಯಿಂದ ಬಂದು ಏರು ಹತ್ತಿದ್ದಾರೆ. ಆಸ್ಪತ್ರೆ ಮುಟ್ಟಿದ ಮೇಲೆ ಮತ್ತೆ ರಕ್ತ ಹೋಗತೊಡಗಿತಂತೆ.

"ಅರ್ಧ ಗಂಟೆ ತಡ ಆಗಿದ್ರೆ ನಮ್ಮ ಕೈಯಲ್ಲಿ ಇರ್ಲಿಲ್ಲ ಅಂದ್ರು ಡಾಕ್ಟ್ರು. ಹೆಣ್ಣು ಮಗು, ಬಾವಾಕ. ತಾಯಿ, ಮಗು ಇಬ್ಬರೂ ಸೌಖ್ಯ."

"ಅಲ್‌ಹಮ್ದುಲಿಲ್ಲಾ" ಎಂದು ಬಾವಾ ಸಕ್ಕರೆ ಬಾಯಿಗೆ ಹಾಕಿಕೊಳ್ಳುತ್ತಾರೆ. ಪ್ರಫುಲ್ಲಾ ಬಸ್ಸು ಹಿಡಿಯಲು ಓಡುತ್ತಾರೆ. ಬಾವಾ ಬ್ರಷ್ಷು ಹಿಡಿದು ಇನ್ನೊಂದು ಬೋರ್ಡಿನ ಮೇಲೆ ಬಗ್ಗುತ್ತಾರೆ. ಕುತ್ತಿಗೆ ಲಟಕ್ಕೆನ್ನುತ್ತದೆ. ನಾನು ಕೊನೆಯದಾಗಿ ಲೆಕ್ಕ ಖಾತ್ರಿ ಮಾಡಿಕೊಳ್ಳಲು ಕೇಳುತ್ತೇನೆ: ಹತ್ತರಲ್ಲಿ ಆರು ಎಂದು ಬರೆಯಲೇ?

ಅವರು ಬ್ರಷ್ಷು ಕೆಳಗಿಟ್ಟು, ಸ್ಟೂಲಿನಿಂದ ಕಷ್ಟಪಟ್ಟು ಎದ್ದು, ಕ್ಯಾಲೆಂಡರಿನ ಬುಧವಾರದ ಚೌಕದಲ್ಲಿ ಆ ಇಂಟಿನ ಸುತ್ತ ದೊಡ್ಡದಾಗಿ ಒಂದು ಸೊನ್ನೆ ಬರೆಯುತ್ತಾರೆ.

"ಬರೀರಿ. ಆದ್ರೆ ಟೀಚರದ್ದನ್ನು ಬದುಕಿದ್ದರ ಲೆಕ್ಕಕ್ಕೆ ಹಾಕಿ."