ಬಾಗಿಲ ಹೊರಗೆ ನಿಂತ ದೇಶ

ಬ್ರಿಟನ್ನಿನ ಗ್ರೀನ್‌ಫರ್ಡ್ ಮನೆಯ ಆ ದಿನಗಳ ಮಾತು ಬಂದರೆ ಸಾಕು, ಅಂಬಿಕಾ ಭೂತಕ್ಕೆ ಹೆದರಿದ ಕಥೆಯನ್ನು ನಮ್ಮವರೆಲ್ಲ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ತಪ್ಪು ಭೂತದ್ದಾದರೆ ನಾವೆಲ್ಲ ಸುಲಭವಾಗಿ ಪಾರು.

ವಿಜಯಪುರದಿಂದ ಬಂದ ಸೋದರತ್ತೆ, ಮಾವ ಮತ್ತು ಅವರ ಎಂಟು ವರ್ಷದ ಮಗಳು ಅಂಬಿಕಾ, ಫ್ಲ್ಯಾಟ್ ಸಿಗುವವರೆಗೆ ನಮ್ಮಲ್ಲೇ ಇದ್ದರು. ಮೇಲಿನ ನನ್ನ ಕೋಣೆ ಅವರದಾಯಿತು. ಹನ್ನೆರಡು ವರ್ಷದ ನಾನು ಕೆಳಗಿನ ಸೋಫಾಕ್ಕೆ ಬಂದೆ.

ನವೆಂಬರಿನ ಭಾನುವಾರ, ನಾಲ್ಕಕ್ಕೇ ಕತ್ತಲು. ಅವ್ವ ಕೆಳಗೆ ಅಡುಗೆಮನೆಯಲ್ಲಿ ಚುರುಮುರಿಯ ಗಿರಮಿಟ್ಟಿಗೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ಮೇಲಿನ ಆ ಕೋಣೆಯ ಹಾಸಿಗೆಯ ಮೇಲೆ ನಾನು, ಅಣ್ಣ, ಪಕ್ಕದ ಬೀದಿಯ ಬೆಂಗಳೂರಿನ ಅವಳಿ ಹುಡುಗರು ಯುರೋಪಿನ ನಕ್ಷೆ ಹರಡಿದ್ದೆವು. ಎರಡು ಮಹಾಯುದ್ಧಗಳ ನಡುವೆ ನಾಲ್ಕು ದೇಶಗಳ ನಾಯಕರು ಕೂತು ಚೆಕೊಸ್ಲೊವಾಕಿಯಾದ ಅಂಚನ್ನು ಜರ್ಮನಿಗೆ ಕೊಟ್ಟ ಪಾಠ ಶಾಲೆಯಲ್ಲಿ ಆ ವಾರವಷ್ಟೇ ಆಗಿತ್ತು. ಅಂಚು ಕಳೆದುಕೊಂಡ ದೇಶದವರನ್ನೇ ಒಳಗೆ ಕೂರಿಸಿರಲಿಲ್ಲ. ನಾನು ಬ್ರಿಟನ್, ಅಣ್ಣ ಜರ್ಮನಿ, ಅವಳಿಗಳು ಫ್ರಾನ್ಸ್ ಮತ್ತು ಇಟಲಿ. ಉಳಿದ ಚೆಕೊಸ್ಲೊವಾಕಿಯಾ ಅಂಬಿಕಾಳಿಗೆ.

"ನಾವು ಕರಿಯೂತನಕ ಹೊರಗ ನಿಂದ್ರು," ಎಂದೆ.

"ಎಷ್ಟೊತ್ತು, ಅಕ್ಕಾ?"

"ಸ್ವಲ್ಪೊತ್ತು."

ಬಾಗಿಲು ಮುಚ್ಚಿದೆವು. ಠಕ್ ಠಕ್.

"ಒಳಗ ಬರ್ಲ್ಯಾ?"

"ಇನ್ನಾ ಮುಗದಿಲ್ಲ."

ಮತ್ತೆ ಬಡಿತ. "ಅವಳ್ನೂ ಕೇಳ್ಬೇಕಲ್ವಾ? ಇಟ್ಸ್ ಹರ್ ಕಂಟ್ರಿ," ಎಂದ ಫ್ರಾನ್ಸ್ ಆಗಿದ್ದವನು.

"ಆಕಿನ್ನೇನ್ ಕೇಳೂದು? ಈ ಜಾಗಾ ಆಕೀದಲ್ಲ. ಹೋಗಂದ್ರ ಹೋಗ್ಬೇಕು." ನಾನು ಗಟ್ಟಿಯಾಗಿಯೇ ಹೇಳಿದ್ದೆ.

ದೇಶ ಕೊಟ್ಟಾಯಿತು. ಬಡಿತ ನಿಲ್ಲಲಿಲ್ಲ. ಪ್ರತಿ ಸಲವೂ "ತಡಿ" ಎಂದೆವು. ಕೊನೆಗೆ ಅಣ್ಣ ಬಾಗಿಲು ತೆಗೆದ. ಹೊರಗೆ ಯಾರೂ ಇಲ್ಲ. ಬಡಿತ ಮಾತ್ರ ಅದೇ ಅಳತೆಯಲ್ಲಿ ಮುಂದುವರಿದಿತ್ತು, ಈಗ ನಮ್ಮ ಬೆನ್ನ ಹಿಂದೆ.

ಅದು ಹೀಟರಿನ ಪೈಪು. ಬಿಸಿಯೇರಿದಾಗ ಹಾಗೆ ಬಡಿಯುತ್ತದೆ. ಆಮೇಲೆ ಎಷ್ಟೋ ಸಲ ಕೂತು ಪರೀಕ್ಷಿಸಿದ್ದೇನೆ. ಆದರೆ ಎಷ್ಟು ಹೊತ್ತಿನಿಂದ ನಾವು ಪೈಪಿಗೆ "ತಡಿ" ಎನ್ನುತ್ತಿದ್ದೆವೋ, ಅದು ಮಾತ್ರ ಇವತ್ತಿಗೂ ಗೊತ್ತಿಲ್ಲ.

ಅಂಬಿಕಾ ಕೆಳಗೆ, ದೀಪವಿಲ್ಲದ ಹಜಾರದಲ್ಲಿ, ಮುಂಬಾಗಿಲಿಗೆ ಮುಖ ಮಾಡಿ ನಿಂತಿದ್ದಳು. ಕೋಟು, ಬೂಟು, ಹೆಗಲಿಗೆ ಶಾಲೆಯ ಚೀಲ. ಚೀಲದಲ್ಲಿ ಅವಳ ಟೂತ್‌ಬ್ರಷ್, ಟವೆಲ್ಲು. ಅಳುತ್ತಿರಲಿಲ್ಲ.

"ಎಲ್ಲಿಗೆ ಹೊಂಟೀ?" ಎಂದೆ.

"ಅದನ್ನ ನೀವ ಹೇಳ್ಬೇಕಲ್ಲ, ಅಕ್ಕಾ."

ಬಡಿತ ಕೇಳಿ ಭೂತವೆಂದು ಹೆದರಿದ್ದಾಳೆ ಎಂದು ಅಣ್ಣ ಅತ್ತೆಗೆ ಹೇಳಿದ. ನಾನು ಅಲ್ಲವೆನ್ನದೆ ಚೀಲದ ಟೂತ್‌ಬ್ರಷ್, ಟವೆಲ್ಲು ತೆಗೆದು ಅವುಗಳ ಜಾಗಕ್ಕೆ ಇಟ್ಟೆ. ಅಂಬಿಕಾ ಕೂತು ಬೂಟು ಬಿಚ್ಚಿದಳು.

ಮುಂದಿನ ತಿಂಗಳು ಫ್ಲ್ಯಾಟ್ ಸಿಕ್ಕಿ ಅವರು ಹೇಸ್‌ಗೆ ಹೋದರು. ಕೋಣೆ ನನಗೆ ವಾಪಸ್ಸು ಬಂತು; ಆಮೇಲೆ ಆ ಮನೆಯನ್ನೇ ಬಿಟ್ಟೆವು. ಈಗ ಹಬ್ಬಕ್ಕೆ ಸಿಕ್ಕಾಗ ಅವಳು ನನ್ನನ್ನು ಹೆಸರು ಹಿಡಿದು ಕರೆಯುತ್ತಾಳೆ, ಇಂಗ್ಲಿಷಿನಲ್ಲಿ, ಬಲು ನಯವಾಗಿ. ಅಕ್ಕಾ ಎನ್ನುವವರು ನನಗೆ ಬೇರೆ ಯಾರೂ ಇರಲಿಲ್ಲ. ಚರ್ಚಾಸ್ಪರ್ಧೆಗಳಲ್ಲಿ ಎದುರಿನವರ ಬಾಯಿ ಮುಚ್ಚಿಸಲು ಕಲಿತವಳು ನಾನು. ಇದೊಂದನ್ನು ಮಾತ್ರ ಕೇಳಲಾಗಿಲ್ಲ. ಅಂಬಿಕಾ, ನಾನು ಒಳಗಿಂದ ಹೇಳಿದ್ದು ಆಟದ ಮಾತು ಅಂತ ನಿನಗೆ ಒಂದು ಗಳಿಗೆಯಾದರೂ ಅನ್ನಿಸಿತ್ತಾ?